ಬೀಜಕ್ಕೆ ಬಿಟ್ಟ ಹೀರೆಕಾಯಿ

"ಗುರುಗಳೇ, ನೀವು ಹೇಳಿಕೊಟ್ಟ ಧ್ಯಾನದಲ್ಲಿ ಮೊದಮೊದಲು ಎಷ್ಟೊಂದು ನೆಮ್ಮದಿ ಇತ್ತು! ಈಗಲೂ ಒಂದು ದಿನ ತಪ್ಪಿಸದೆ ಕೂರುತ್ತೇನೆ. ಆದರೂ ಮನಸ್ಸು ವರ್ಷದಿಂದ ವರ್ಷಕ್ಕೆ ಒಣಗುತ್ತಿದೆ. ನಿಮ್ಮ ಉಪದೇಶದ ಶಕ್ತಿಯೇ ಹೋಯಿತೇ?" ಎಂದು ಶಿಷ್ಯ ಮರುಳಸಿದ್ಧ ಕೇಳಿದ.

ಗುರುಗಳು ನಕ್ಕರು. "ಭಲೇ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೂತುಕೋ, ಹಾಲಮ್ಮನ ಕತೆ ಹೇಳುತ್ತೇನೆ" ಎಂದು ಶುರುಮಾಡಿದರು.

ಹಾಲಮ್ಮ ಊರಂಚಿನ ಬಡಾವಣೆಯಲ್ಲಿ ಇದ್ದವಳು. ಸಣ್ಣ ಸೈಟು. ಮನೆ ಕಟ್ಟಿದ ಮೇಲೆ ಹಿತ್ತಿಲಲ್ಲಿ ನಾಲ್ಕು ಮಂಚ ಹಾಕುವಷ್ಟು ಜಾಗ ಉಳಿಯಿತು. ಅದರ ತುಂಬ ಇಟ್ಟಿಗೆ ಚೂರು, ಸಿಮೆಂಟಿನ ಹೆಂಟೆ. ಕೈಯಲ್ಲಿ ಕಾಸಿರಲಿಲ್ಲ, ಛಲ ಮಾತ್ರ ಬೇಕಾದಷ್ಟಿತ್ತು. ಚೂರುಗಳನ್ನೆಲ್ಲ ಆರಿಸಿ ತೆಗೆದಳು. ಬೀದಿಯವರು ಗುಡಿಸಿ ಸುಡುತ್ತಿದ್ದ ತರಗೆಲೆಯನ್ನು ಹೊತ್ತು ತಂದಳು. ತರಕಾರಿ ಸಿಪ್ಪೆ, ಬಚ್ಚಲೊಲೆಯ ಬೂದಿ, ದಾರಿಯಲ್ಲಿ ಬಿದ್ದ ಸಗಣಿ ಎಲ್ಲವನ್ನೂ ಗುಂಡಿಗೆ ಹಾಕಿ ಕೊಳೆಸಿದಳು. ಅಂಗಡಿಯ ಗೊಬ್ಬರವಾಗಲಿ ಔಷಧಿಯಾಗಲಿ ಅವಳ ಹಿತ್ತಿಲಿಗೆ ಕಾಲಿಡಲಿಲ್ಲ. ಹೀರೆ ಬೀಜವನ್ನು ತವರಿನಿಂದ ಅವಳ ಅವ್ವ ಕೊಟ್ಟು ಕಳಿಸಿದ್ದಳು.

ಮೊದಲ ವರ್ಷ ಕಾಯಿ ತೋಳುದ್ದ ಬಂದವು. ಹಾಲಮ್ಮನನ್ನು ಹಿಡಿಯುವವರೇ ಇಲ್ಲ! ಚೆಂದದ ಕಾಯನ್ನೆಲ್ಲ ಕೊಯ್ದು ಅಕ್ಕಪಕ್ಕದವರಿಗೆ ಹಂಚಿದಳು, ಹೊಗಳಿಸಿಕೊಂಡಳು. ಬಳ್ಳಿ ಸೋತ ಮೇಲೆ ಕೊನೆಗುಳಿದ ಸೊಟ್ಟ ಕಾಯನ್ನು ಬೀಜಕ್ಕೆ ಬಿಟ್ಟಳು. ಪ್ರತಿ ವರ್ಷವೂ ಹೀಗೇ ಮಾಡಿದಳು. ಕಾಯಿ ಗೇಣುದ್ದಕ್ಕೆ ಇಳಿಯಿತು, ಆಮೇಲೆ ಬೆರಳುದ್ದಕ್ಕೆ. ಕಡೆಗೆ ಕಹಿಯೂ ಆಯಿತು.

ಅವ್ವನನ್ನು ಕರೆಸಿ ಅತ್ತಳು. "ಅವ್ವಾ, ಮಣ್ಣು ಸತ್ತುಹೋಗಿದೆ. ಏನು ಮಾಡಲಿ?"

ಅವ್ವ ಮಣ್ಣನ್ನು ಹಿಡಿದು ಮೂಸಿ ನೋಡಿದಳು. ಬೊಗಸೆಯಲ್ಲಿ ಎರೆಹುಳು ಆಡುತ್ತಿತ್ತು. ಆಮೇಲೆ, ಬೀಜಕ್ಕೆಂದು ಸೂರಿಗೆ ತೂಗುಹಾಕಿದ್ದ ಒಣ ಕಾಯಿ ಕಣ್ಣಿಗೆ ಬಿತ್ತು. ಮುದುಕಿಗೆ ಸಿಟ್ಟು ನೆತ್ತಿಗೇರಿತು.

"ಮಣ್ಣು ಬಂಗಾರದಂಗಿದೆ ಕಣೇ ಹೆಡ್ಡಿ! ತಿನ್ನೋಕೆ ಬಾರದ್ದನ್ನ ಬೀಜಕ್ಕೆ ಬಿಟ್ಟರೆ ಇನ್ನೇನು ಬರುತ್ತೆ? ನಾನು ಹಿತ್ತಿಲು ಮಾಡೋದು ಬಿಟ್ಟು ಎಷ್ಟೋ ವರ್ಷವಾಯಿತು. ನನ್ನ ಹತ್ತಿರ ಒಂದು ಬೀಜವೂ ಇಲ್ಲ. ಈ ತಳಿ ನಿನ್ನ ಹಿತ್ತಿಲಲ್ಲಿ ಹೋದರೆ ಹೋದಂಗೇ."

ಮುಂದಿನ ಮಳೆಗೆ ಹಾಲಮ್ಮ ಇದ್ದಬದ್ದ ಬೀಜವನ್ನೆಲ್ಲ ಬಿತ್ತಿದಳು. ಒಂದೇ ಒಂದು ಬಳ್ಳಿಯಲ್ಲಿ, ಒಂದೇ ಒಂದು ಕಾಯಿ ಮೊದಲಿನಂತೆ ನೀಳವಾಗಿ ಇಳಿಯಿತು. ಯಾರೂ ಕೊಯ್ಯಬಾರದೆಂದು ಅದರ ತೊಟ್ಟಿಗೆ ಚಿಂದಿ ಬಟ್ಟೆ ಕಟ್ಟಿದಳು.

ಅದೇ ವಾರ ಬೀಗರು ಬಂದುಬಿಟ್ಟರು. ಮಗಳನ್ನು ಕೊಟ್ಟ ಮನೆಯವರು, ಸದರವೇ? ಮನೆಯಲ್ಲಿ ಬೇರೆ ತರಕಾರಿ ಇರಲಿಲ್ಲ. ಹಾಲಮ್ಮ ಚಾಕು ಹಿಡಿದು ಬಳ್ಳಿಯ ಬಳಿ ಹೋದಳು. ತೊಟ್ಟನ್ನು ಹಿಡಿದೂ ಹಿಡಿದಳು. ಚಿಂದಿಯ ಗಂಟು ಬೆರಳಿಗೆ ತಾಕಿತು. ಹಾಗೇ ಬಿಟ್ಟು ಒಳಗೆ ಬಂದು ಬೇಳೆ ಸಾರು ಮಾಡಿದಳು.

ಬೀಗತಿ ಸುಮ್ಮನಿರುವ ಪೈಕಿಯಲ್ಲ. "ಹಿತ್ತಿಲಲ್ಲಿ ಹೀರೆಕಾಯಿ ತೂಗಾಡ್ತಾ ಇದೆ, ನಮಗೆ ಬರೀ ಬೇಳೆ ಸಾರಾ?" ಎಂದಳು.

ಹಾಲಮ್ಮನಿಗೆ ನಾಚಿಕೆಯಾಯಿತು, ಆದರೂ ತಲೆ ತಗ್ಗಿಸಲಿಲ್ಲ. "ತಪ್ಪು ತಿಳೀಬೇಡಿ ಬೀಗತಿ. ಬಳ್ಳಿಯಲ್ಲಿ ಯಾವುದು ಎಲ್ಲಕ್ಕಿಂತ ಚೆನ್ನಾಗಿದೆಯೋ ಅದು ಬೀಜಕ್ಕೆ. ಆಮೇಲೆ ನೀವು, ಆಮೇಲೆ ನಾವು."

ಆ ಒಂದು ಕಾಯಿಯ ಬೀಜದಿಂದ ಮರುವರ್ಷ ಬಳ್ಳಿ ಕಾಂಪೌಂಡು ಹತ್ತಿತು. ಅದರಲ್ಲೂ ಒಳ್ಳೆಯದನ್ನೇ ಆರಿಸಿ ಬಿಟ್ಟಳು. ಅದರ ಮುಂದಿನ ವರ್ಷ ಕಾಯಿ ಮತ್ತೆ ತೋಳುದ್ದ ಬಂದವು, ಕಹಿ ಹೋಯಿತು. ಆ ಬೀಗತಿಯೇ ಬಂದು ಸೆರಗೊಡ್ಡಿ ಬೀಜ ಕೇಳಿ ಒಯ್ದಳು.

ಗುರುಗಳು ಕತೆ ನಿಲ್ಲಿಸಿದರು. "ಎಂಥ ಗಟ್ಟಿಗಿತ್ತಿ ಗುರುಗಳೇ!" ಎಂದು ಮರುಳಸಿದ್ಧ ತಲೆದೂಗಿದ.

"ಅವಳ ಮಾತಿರಲಿ ಮಾರಾಯ, ಊರ ಕೆಲಸವೆಲ್ಲ ಮುಗಿದ ಮೇಲೆ ಉಳಿದ ಆಕಳಿಕೆಯ ಹೊತ್ತನ್ನೇ ಅಲ್ಲವೇ ನೀನು ಧ್ಯಾನಕ್ಕೆ ಬಿಡುತ್ತಿರುವುದು?" ಎಂದರು ಗುರುಗಳು.