ತಾನಾಗಿ ತಿರುಗಿದ ಸ್ಟೇರಿಂಗ್

"ಗುರುಗಳೇ, ಹನ್ನೆರಡು ವರ್ಷದಿಂದ ಮನಸ್ಸನ್ನು ಬಿಗಿಹಿಡಿದಿದ್ದೇನೆ. ಆದರೂ ಯಾರಾದರೂ ಒಂದು ಕೊಂಕು ಮಾತಾಡಿದರೆ ಸಾಕು, ದಾರಿ ತಪ್ಪುತ್ತೇನೆ. ಇನ್ನೆಷ್ಟು ಬಿಗಿ ಹಿಡಿಯಬೇಕು?" ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕರು. "ಬಿಗಿಹಿಡಿದವನೊಬ್ಬನ ಕತೆ ಹೇಳುತ್ತೇನೆ, ಕೇಳು. ಪುರಾಣವಲ್ಲ, ಜೀಪಿನ ಕತೆ. ಮೂಗು ಮುರಿಯಬೇಡ," ಎಂದು ಆರಂಭಿಸಿದರು.

ಬೆಟ್ಟದ ಮೇಲಿನ ಒಂದು ಊರಿಗೆ ಒಂದೇ ಜೀಪು ಹೋಗುತ್ತಿತ್ತು. ಡ್ರೈವರ್ ಆ ಊರಿನವನೇ. ದಾರಿಯ ಬಂಡೆಗಳು ಜೀಪಿನ ಹೊಟ್ಟೆಗೆ ತಾಗುತ್ತವೆಂದು ಅವನು ಗಾಡಿಯನ್ನು ಅರ್ಧ ಗೇಣು ಎತ್ತರಿಸಿದ. ಅದಕ್ಕಾಗಿ ಗಾಡಿಯ ಭಾರ ಹೊರುವ ಹಳೆಯ ಸ್ಪ್ರಿಂಗ್ ಪಟ್ಟಿಗಳನ್ನು ಬಿಚ್ಚಿಸಿ, ಲಾರಿಗೆ ಹಾಕುವ ದಪ್ಪ ಪಟ್ಟಿಗಳನ್ನು ಹಾಕಿಸಿದ. ಗಟ್ಟಿ ಇದ್ದಷ್ಟೂ ಒಳ್ಳೆಯದು ಎಂದು ಅವನ ಎಣಿಕೆ. ಪಾಪ, ನಿನ್ನ ಹಾಗೆಯೇ.

ಅಂದಿನಿಂದ ಗಾಡಿ ಮಾತು ಕೇಳುವುದನ್ನು ಬಿಟ್ಟಿತು. ಕಲ್ಲು ಹತ್ತುವಾಗ ಗಾಲಿ ನೆಲ ಬಿಟ್ಟು ಮೇಲೆ ನಿಲ್ಲುತ್ತಿತ್ತು. ಗುಂಡಿಗೆ ಇಳಿದರೆ ಸ್ಟೇರಿಂಗ್ ಕೈಯಿಂದ ಕಿತ್ತುಕೊಂಡು ಕಮರಿಯ ಕಡೆ ತಿರುಗುತ್ತಿತ್ತು. ಕಮರಿಯ ತಿರುವಿನಲ್ಲಿರುವ ಮಾರಮ್ಮ ಮುನಿದಿದ್ದಾಳೆ ಎಂದು ಅವನು ಕಾಯಿ ಒಡೆದ, ಗಾಲಿಗೆ ನಿಂಬೆಹಣ್ಣು ಇಟ್ಟ. ಆಮೇಲೆ ಅಂಗೈಯಲ್ಲಿ ಬೊಬ್ಬೆ ಏಳುವಷ್ಟು ಬಿಗಿಯಾಗಿ ಸ್ಟೇರಿಂಗ್ ಹಿಡಿದ. ಏನು ಮಾಡಿದರೂ ಅಷ್ಟೇ. ಒಂದು ದಿನ ಆ ತಿರುವಿನಲ್ಲೇ ಮುಂದಿನ ಗಾಲಿ ಕಮರಿಯ ಅಂಚಿನಾಚೆ ತೂಗಾಡಿತು.

ಅವನ ತಂಗಿ ಪುಟ್ಟಮಾದಮ್ಮನಿಗೆ ಆಗ ದಿನ ತುಂಬಿತ್ತು. ಮಗು ಅಡ್ಡವಾಗಿದೆ, ಕೆಳಗಿನ ಆಸ್ಪತ್ರೆಯಲ್ಲೇ ಹೆರಿಗೆ ಆಗಬೇಕು ಎಂದು ನರ್ಸ್ ಹೇಳಿ ಹೋಗಿದ್ದಳು. ತಂಗಿ ಮಾತ್ರ, "ಅಣ್ಣ, ನಿನ್ ಗಾಡಿ ಹತ್ತಿ ಕಮರಿಗೆ ಬೀಳೋದಕ್ಕಿಂತ ಇಲ್ಲೇ ಸಾಯ್ತೀನಿ ಬಿಡು," ಎಂದುಬಿಟ್ಟಳು. ಮರುದಿನ ಬೆಳಿಗ್ಗೆಯೇ ಅವನು ತಪ್ಪಲಿನ ಮುದುಕ ಮೆಕ್ಯಾನಿಕ್‌ನ ಹತ್ತಿರ ಬಂದ. ಮಠದ ಟೆಂಪೋ ಪಂಕ್ಚರ್ ಆಗಿ ನಾನೂ ಅಲ್ಲೇ ಕುಳಿತಿದ್ದೆ.

ಮೆಕ್ಯಾನಿಕ್ ಮೊದಲು ಕೇಳಿದ್ದು, "ಎಷ್ಟು ಜನ ಕೂತ್ಕೋತಾರೆ?"

"ಎಂಟು."

"ಎಂಟು ಜನಕ್ಕೆ ಲಾರಿ ಪಟ್ಟಿ ಯಾಕಪ್ಪಾ? ಎತ್ತರ ಎಷ್ಟು ಬೇಕು ಅಂತ ಎಲ್ರೂ ಹೇಳ್ತೀರ, ಭಾರ ಎಷ್ಟು ಅಂತ ಒಬ್ರೂ ಹೇಳಲ್ಲ. ಪಟ್ಟಿ ಬಗ್ಗಿದರೇ ಕಣಯ್ಯಾ ಗಾಲಿ ನೆಲ ಹಿಡಿಯೋದು."

ಎತ್ತರ ಅಷ್ಟೇ ಉಳಿಸಿ, ಆ ಭಾರಕ್ಕೆ ತಕ್ಕ ತೆಳು ಪಟ್ಟಿಗಳನ್ನು ಹಾಕಿದ. ಓಡಿಸಿ ನೋಡಿದರು. ಗಾಲಿಗಳು ನೆಲ ಹಿಡಿದವು. ಸ್ಟೇರಿಂಗ್ ಮಾತ್ರ ಮೊದಲಿನಂತೆಯೇ ಎಳೆಯಿತು. ಡ್ರೈವರ್ ತಲೆಯ ಮೇಲೆ ಕೈಹೊತ್ತು ಕುಳಿತ.

ಮುದುಕ ಸುತ್ತ ನೋಡಿ ನನ್ನ ಹೊಟ್ಟೆಯ ಮೇಲೆ ಕಣ್ಣಿಟ್ಟ. "ಸ್ವಾಮ್ಯೋರೇ, ಬಂಪರ್ ಮೇಲೆ ಹತ್ತಿ ಒಸಿ ಕುಣೀರಿ," ಎಂದ. ಏನು ಮಾಡಲಿ, ಹತ್ತಿ ಕುಣಿದೆ. ಸೀಟಿನಲ್ಲಿ ಯಾರೂ ಇರಲಿಲ್ಲ. ಗಾಡಿ ಕುಗ್ಗಿದಾಗ ಸ್ಟೇರಿಂಗ್ ಎಡಕ್ಕೆ ತಿರುಗಿತು. ಎದ್ದಾಗ ಬಲಕ್ಕೆ ತಿರುಗಿತು. ತಾನಾಗಿ! ನನಗೇ ಮೈ ಜುಮ್ಮೆಂದಿತು. ಡ್ರೈವರ್, "ಅಯ್ಯೋ, ತಾಯಿ ಬಂದ್ಲು!" ಎಂದು ಕೈ ಮುಗಿದ.

"ತಾಯೀನೂ ಇಲ್ಲ, ದೆವ್ವಾನೂ ಇಲ್ಲ. ಬಗ್ಗಿ ನೋಡು," ಎಂದ ಮುದುಕ. ಸ್ಟೇರಿಂಗಿನಿಂದ ಗಾಲಿಗೆ ಹೋಗುವ ಸರಳು ಓರೆಯಾಗಿ ನಿಂತಿತ್ತು. "ಗಾಡಿ ಎತ್ತರಿಸ್ದೆ. ಸರಳಿನ ಒಂದು ತುದಿ ಮೇಲೆ ಹೋಯ್ತು, ಇನ್ನೊಂದು ಗಾಲಿ ಹತ್ರಾನೇ ಉಳೀತು. ಈಗ ಗುಂಡಿ ಸಿಕ್ಕಾಗೆಲ್ಲ ಗುಂಡೀನೇ ನಿನ್ನ ಸ್ಟೇರಿಂಗ್ ತಿರುಗಿಸ್ತದೆ. ನೀನು ಅದರ ಜೊತೆ ಗುದ್ದಾಡ್ತೀಯ."

ಸರಳಿನ ಮೇಲಿನ ತುದಿ ಒಂದು ಕಬ್ಬಿಣದ ತೋಳಿಗೆ ಸೇರಿತ್ತು. ಮುದುಕ ಅದನ್ನು ಬಿಚ್ಚಿ, ಕೆಳಗೆ ಬಾಗಿದ ಉದ್ದನೆಯ ತೋಳು ಹಾಕಿದ. ಸರಳು ಮಟ್ಟವಾಯಿತು. ನನ್ನನ್ನು ಮತ್ತೆ ಹತ್ತಿಸಿದ. ಕುಣಿದೆ, ಉಸಿರು ಸಿಕ್ಕಿಕೊಳ್ಳುವವರೆಗೆ ಕುಣಿದೆ. ಗಾಡಿ ಏಳುತ್ತಿತ್ತು, ಕುಗ್ಗುತ್ತಿತ್ತು. ಸ್ಟೇರಿಂಗ್ ಅಲುಗಲಿಲ್ಲ. ಅದು ತಾನಾಗಿ ತಿರುಗಿದಾಗ ಬರೀ ಕೈ ಮುಗಿದಿದ್ದ ಡ್ರೈವರ್, ಅದು ಸುಮ್ಮನೆ ನಿಂತದ್ದನ್ನು ಕಂಡು ಗ್ಯಾರೇಜಿನ ಎಣ್ಣೆ ನೆಲಕ್ಕೇ ಅಡ್ಡಬಿದ್ದ. ನಿಜ ಹೇಳುತ್ತೇನೆ, ಎಷ್ಟೋ ಪೂಜೆ ಮಾಡಿದ್ದೇನೆ, ಅಂಥ ಬೆರಗು ನನಗೆ ಗರ್ಭಗುಡಿಯಲ್ಲೂ ಆಗಿಲ್ಲ.

ಡ್ರೈವರ್ ನೇರವಾಗಿ ಬೆಟ್ಟ ಹತ್ತಿದ. ತಂಗಿ ಆಗಲೂ ಒಲ್ಲೆ ಎಂದಳು. ಅವನು ವಾದ ಮಾಡಲಿಲ್ಲ. ಅವಳ ಕೈಯನ್ನು ಸ್ಟೇರಿಂಗಿನ ಮೇಲೆ ಇರಿಸಿ, ತಾನು ಹೋಗಿ ಬಂಪರಿನ ಮೇಲೆ ಕುಣಿದ. ಗಾಡಿ ಎದ್ದು ಕುಗ್ಗಿದರೂ ಅವಳ ಕೈಯಲ್ಲಿ ಸ್ಟೇರಿಂಗ್ ಅಲುಗಲಿಲ್ಲ. ಆಮೇಲೆ ಅವಳು ಸೆರಗು ಸಿಕ್ಕಿಸಿಕೊಂಡು ಹತ್ತಿ ಕುಳಿತಳು. ಆ ತಿರುವನ್ನು ಅವನು ಎರಡು ಬೆರಳಲ್ಲಿ ದಾಟಿಸಿದನಂತೆ. ಮಗು ಆಸ್ಪತ್ರೆಯಲ್ಲೇ ಹುಟ್ಟಿತು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ.

ಕತೆ ಮುಗಿಯುತ್ತಲೇ ಶಿಷ್ಯ, "ಹಾಗಾದರೆ ನನ್ನೊಳಗೆ ಓರೆಯಾಗಿರುವುದನ್ನು ಸರಿಮಾಡುವುದು ಹೇಗೆ, ಗುರುಗಳೇ?" ಎಂದು ಕೇಳಿದ.

"ಅದನ್ನು ಆಮೇಲೆ ನೋಡೋಣ," ಎಂದರು ಗುರುಗಳು, "ನಿನ್ನನ್ನು ನೀನು ಉಳಿದವರಿಗಿಂತ ಎತ್ತರಿಸಿಕೊಂಡದ್ದು ಯಾವತ್ತು, ಮೊದಲು ಅದನ್ನು ಹೇಳು."