ಕೊಟ್ರಪ್ಪನ ಎಡೆ

ಹೊಳೆದಂಡೆಯ ಆ ಸಣ್ಣ ಊರಿನಲ್ಲಿ ತಮ್ಮ ಮುತ್ತಜ್ಜ ಯಾರು, ತಮ್ಮ ಮೂಲ ಊರು ಯಾವುದು ಎಂದು ತಿಳಿಯಬೇಕಾದವರು ಮಠದ ಜಗಲಿಗೆ ಬರುತ್ತಿದ್ದರು. ಜಗಲಿಯ ಮೇಲೆ ಅಡಿವೆಯ್ಯನವರು ಕೂತಿರುತ್ತಿದ್ದರು.

ಊರಿನ ಹಳೆಯ ಸಂಗತಿಗಳನ್ನು ಕೇಳಿ ಬರೆದಿಡುವುದು ಅವರ ಕೆಲಸ. ಯಾರೂ ಹೇಳಿ ಮಾಡಿಸಿದ್ದಲ್ಲ, ಯಾರೂ ಸಂಬಳ ಕೊಟ್ಟದ್ದೂ ಅಲ್ಲ. ಯಾವ ಬಾವಿಯನ್ನು ಯಾರು ತೋಡಿಸಿದರು, ಯಾವ ಮನೆತನ ಎಲ್ಲಿಂದ ಬಂತು, ಎಲ್ಲವೂ ಅವರ ಹತ್ತಿರ ಸಿಗುತ್ತಿತ್ತು. ಬೇಕಾದವರು ಕೈ ಮುಗಿದು ಕೇಳುತ್ತಿದ್ದರು, ಬೇಡವಾದವರು ಮುದುಕನಿಗೆ ಬೇರೆ ಕೆಲಸವಿಲ್ಲ ಎನ್ನುತ್ತಿದ್ದರು.

ಫಕೀರೇಶ ಅವರ ಶಿಷ್ಯ. ನಲವತ್ತರ ಹತ್ತಿರದವನು. ಚುರುಕು, ಆದರೆ ತುಸು ಅವಸರದವನು. ಕೇಳಲು ಬಂದವರನ್ನು ಬರಿಗೈಯಲ್ಲಿ ಕಳಿಸುವುದೆಂದರೆ ಅವನಿಗೆ ಜೀವ ಹೋದಂತೆ ಆಗುತ್ತಿತ್ತು.

ಅಡಿವೆಯ್ಯನವರು ಅವನಿಗೆ ಹೇಳಿಕೊಟ್ಟದ್ದು ಒಂದೇ ಪಾಠ. ಯಾರ ಹೆಸರನ್ನು ಬರೆದರೂ ಅದರ ಕೆಳಗೆ ಆ ಹೆಸರನ್ನು ಹೇಳಿದವರು ಯಾರೆಂದೂ ಬರೆಯಬೇಕು.

ಗುರುಗಳು ಪರ ಊರಿಗೆ ಹೋಗಿದ್ದಾಗ ದ್ಯಾಮವ್ವ ಜಗಲಿ ಹತ್ತಿ ಬಂದಳು. ಎಂಬತ್ತು ದಾಟಿದ ಮುದುಕಿ, ತಮ್ಮನ ಮಗನ ಮನೆಯಲ್ಲಿ ಇರುವವಳು.

"ತಮ್ಮಾ, ಹಿರ್ಯಾರ ಹಬ್ಬ ಹತ್ರ ಬಂತು," ಅಂದಳು. "ಎಲ್ಲಾರ ಹೆಸರು ಹಿಡಿದು ಕರದು ಎಡಿ ಇಡತೀವಿ. ನಮ್ಮಪ್ಪನ ಅಪ್ಪನ ಹೆಸರು ಮಾತ್ರ ಗೊತ್ತಿಲ್ಲ. ಅವಂಗ ಕಡೀಗೆ ಸುಮ್ನ ಒಂದು ಎಲಿ ಹಾಕತೀವಿ."

"ನಿಮ್ಮಪ್ಪ ಹೇಳಲಿಲ್ಲೇನು ಆಯಿ?"

"ಪ್ಲೇಗಿನ್ಯಾಗ ಮನಿಮಂದಿ ಎಲ್ಲಾ ಹೋದ್ರಂತ. ನಮ್ಮಪ್ಪನ್ನ ಯಾರೋ ಹೆಗಲ ಮ್ಯಾಲ ಹೊತ್ತು ಈ ಊರಿಗೆ ತಂದ್ರು. ಅಷ್ಟು ಸಣ್ಣಾಂವ. ಕೇಳಿದ್ರ, ನಾ ಅವನ್ನ ಅಪ್ಪ ಅಂತ ಕರೀತಿದ್ದೆ, ಅವನ ಹೆಸರು ನನಗೇನು ಗೊತ್ತು ಅಂತಿದ್ದ."

ಆಕೆ ಜಗಲಿಯ ಕಂಬಕ್ಕೆ ಒರಗಿ ಕೂತಳು.

"ನಂದೂ ಹೋಗೂ ಹೊತ್ತು ಬಂದೈತಿ. ಒಮ್ಮೆರ ಹೆಸರು ಹಿಡಿದು ಕರೀಬೇಕು. ಇಲ್ಲಾಂದ್ರ ಅಲ್ಲಿ ಭೆಟ್ಟಿ ಆದಾಗ ಏನಂತ ಮಾತಾಡಸಲಿ?"

ಫಕೀರೇಶ ಆಕೆಯ ಅಪ್ಪ ಹುಟ್ಟಿದ ಊರು ಯಾವುದೆಂದು ಕೇಳಿ ಬರೆದುಕೊಂಡ. ಮರುದಿನವೇ ಬಸ್ಸು ಹತ್ತಿ ಆ ಊರಿಗೆ ಹೋದ.

ಅಲ್ಲಿಯ ಹಿರಿಯರು ನೆನಪು ಮಾಡಿಕೊಂಡು ಹೇಳಿದರು. ಆ ಮನೆಯಲ್ಲಿ ಕೊಟ್ರಪ್ಪ ಅಂತ ಒಬ್ಬ ಇದ್ದ. ಅವನ ಮಗ ಭರಮಪ್ಪ. ಭರಮಪ್ಪನ ಮಕ್ಕಳ ಹೆಸರು ಯಾರಿಗೂ ಗೊತ್ತಿಲ್ಲ, ಆ ಓಣಿಗೆ ಓಣಿಯೇ ಪ್ಲೇಗಿನಲ್ಲಿ ಹೋಗಿತ್ತು. ಬದುಕಿ ಉಳಿದ ಕೂಸು ಭರಮಪ್ಪನ ಮೊಮ್ಮಗ, ದ್ಯಾಮವ್ವನ ಅಪ್ಪ. ಅವನ ಹೆಸರೂ ಭರಮಪ್ಪನೇ.

ತಿರುಗಿ ಬರುವಾಗ ಬಸ್ಸಿನಲ್ಲಿ ಫಕೀರೇಶನಿಗೆ ಹೊಳೆಯಿತು. ಹಿರಿಯ ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ಆ ಕಡೆಯ ರೂಢಿ. ಕೊಟ್ರಪ್ಪ, ಭರಮಪ್ಪ, ಆಮೇಲೆ ಒಂದು ಖಾಲಿ, ಮತ್ತೆ ಭರಮಪ್ಪ. ಆ ಖಾಲಿ ಜಾಗದಲ್ಲಿ ಕೊಟ್ರಪ್ಪನಲ್ಲದೆ ಇನ್ಯಾರು ಇದ್ದಾರು?

ಬಸ್ಸಿನಿಂದ ಇಳಿದವನು ನೇರ ದ್ಯಾಮವ್ವನ ಮನೆಗೆ ನಡೆದ.

"ಆಯಿ, ನಿಮ್ಮಜ್ಜನ ಹೆಸರು ಕೊಟ್ರಪ್ಪ."

ಆಕೆ ಆ ಹೆಸರನ್ನು ಮೆಲ್ಲಗೆ ಅಂದು ನೋಡಿಕೊಂಡಳು. ಮತ್ತೊಮ್ಮೆ ಅಂದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಫಕೀರೇಶನಿಗೆ ತಾನು ಇಷ್ಟು ವರ್ಷ ಕಲಿತದ್ದು ಸಾರ್ಥಕವಾಯಿತು ಅನ್ನಿಸಿತು.

ಹಿರಿಯರ ಹಬ್ಬದ ಅಮಾವಾಸ್ಯೆಯ ಬೆಳಿಗ್ಗೆ ಗುರುಗಳು ಮರಳಿ ಬಂದರು. ಫಕೀರೇಶ ವಂಶಾವಳಿಯ ಹಾಳೆಯನ್ನು ಮುಂದಿಟ್ಟ. ಅಡಿವೆಯ್ಯನವರು ಓದುತ್ತ ಹೋಗಿ ಒಂದು ಹೆಸರಿನ ಮೇಲೆ ಬೆರಳಿಟ್ಟರು.

"ಈ ಎರಡನೇ ಕೊಟ್ರಪ್ಪನ್ನ ಯಾರು ಹೇಳಿದ್ರು?"

"ರೂಢಿ ಹೇಳತೈತ್ರಿ ಅಜ್ಜಾರ."

"ಅಂವ ಯಾವ ಓಣ್ಯಾಗ ಇರತಾನ?"

ಫಕೀರೇಶ ತನ್ನ ಲೆಕ್ಕವನ್ನೆಲ್ಲ ಬಿಡಿಸಿ ಹೇಳಿದ. ಗುರುಗಳು ಪೂರ್ತಿ ಕೇಳಿದರು.

"ದ್ಯಾಮವ್ವನ ಅಜ್ಜ ಹಿರೀ ಮಗ ಅಂತ ಯಾರು ಹೇಳಿದ್ರು?"

ಫಕೀರೇಶ ಹಾಳೆಯನ್ನು ಮತ್ತೆ ನೋಡಿದ. ಎರಡನೆಯ ಮಗನಾಗಿದ್ದರೆ ಹೆಸರು ಬೇರೆಯೇ ಇರುತ್ತಿತ್ತು. ಬಸ್ಸಿನಲ್ಲಿ ಅದು ಅವನಿಗೆ ಹೊಳೆದಿರಲಿಲ್ಲ.

"ದ್ಯಾಮವ್ವಗ ಹೇಳಿಬಿಟ್ಟೀಯೇನು?"

"ಹೇಳೀನ್ರಿ. ಆದ್ರ ಅಜ್ಜಾರ, ಆಕಿಗೆ ಎಷ್ಟು ಸಮಾಧಾನ ಆತು ನೀವು ನೋಡಬೇಕಿತ್ತು."

"ನೋಡೂಣ ನಡಿ," ಅಂದರು ಅಡಿವೆಯ್ಯನವರು, ವಲ್ಲಿಯನ್ನು ಹೆಗಲಿಗೆ ಹಾಕಿಕೊಳ್ಳುತ್ತ.

ದ್ಯಾಮವ್ವನ ಮನೆಯ ಪಡಸಾಲೆಯಲ್ಲಿ ಗೋಡೆಯ ಬದಿಗೆ ಬಾಳೆ ಎಲೆಗಳು ಸಾಲಾಗಿದ್ದವು. ಹೋಳಿಗೆ, ಅನ್ನ, ಕಟ್ಟಿನ ಸಾರು, ಬದನೆಕಾಯಿ ಪಲ್ಯ ಬಡಿಸಿ ಆಗಿತ್ತು. ದ್ಯಾಮವ್ವ ಒಬ್ಬೊಬ್ಬ ಹಿರಿಯರನ್ನೂ ಹೆಸರು ಹಿಡಿದು ಕರೆದಳು. ಕಡೆಯ ಎಲೆಯ ಪಕ್ಕ ಹೊಸ ಧೋತರವೊಂದಿತ್ತು.

"ಕೊಟ್ರಪ್ಪಜ್ಜಾ, ಇಷ್ಟು ವರ್ಷ ಕರೀಲಿಲ್ಲ ಅಂತ ಸಿಟ್ಟಾಗಬ್ಯಾಡ. ನಾ ನಿನ್ನ ಮೊಮ್ಮಗಳು. ಬಾ, ಉಣ್ಣು."

ಆಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಂಡರು. ಹಿರಿಯರು ಬಂದು ಉಣ್ಣುವಾಗ ಮನೆಯವರು ಒಳಗೆ ಇರಬಾರದು.

ಕಟ್ಟೆಯ ಮೇಲೆ ಕೂತ ದ್ಯಾಮವ್ವನ ಮುಖ ಹಗುರಾಗಿತ್ತು. ಫಕೀರೇಶನಿಗೆ ಆ ಮುಖ ನೋಡಲಾಗಲಿಲ್ಲ. ಗುರುಗಳನ್ನು ನೋಡಿದ. ಅವರು ಬೀದಿಯ ಕಡೆ ನೋಡುತ್ತಿದ್ದರು. ಹೇಳು ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ.

ಹೇಳದಿದ್ದರೆ ಆಕೆ ನೆಮ್ಮದಿಯಾಗಿ ಕಣ್ಣು ಮುಚ್ಚುತ್ತಾಳೆ. ಆದರೆ ಕಣ್ಣು ಮುಚ್ಚುವಾಗ ಬಾಯಲ್ಲಿರುವ ಹೆಸರು ಅವಳ ಅಜ್ಜನದಲ್ಲದೆಯೂ ಇರಬಹುದು. ಅವನಿಗೆ ಹೆದರಿಕೆಯಾಯಿತು.

"ಆಯಿ," ಅಂದ. "ಆ ಹೆಸರು ನನಗ ಯಾರೂ ಹೇಳಲಿಲ್ಲ. ನಾನ ಲೆಕ್ಕ ಹಾಕಿ ಇಟ್ಟೆ. ಖರೇ ಇದ್ರೂ ಇರಬಹುದು, ಸುಳ್ಳಿದ್ರೂ ಇರಬಹುದು."

ದ್ಯಾಮವ್ವ ಅವನನ್ನೇ ನೋಡಿದಳು. ಆಮೇಲೆ ಮುಚ್ಚಿದ ಬಾಗಿಲನ್ನು ನೋಡಿದಳು.

"ಹಂಗಾರ ಒಳಗ ಆ ಎಲಿ ಮುಂದ ಕುಂತು ಉಣ್ಣಾಕತ್ತಾಂವ ಯಾರು?"

ಹಿರಿಯರು ಉಣ್ಣುವ ಹೊತ್ತು ಮುಗಿಯಿತು. ಅಡಿವೆಯ್ಯನವರು ಎದ್ದು ಬಾಗಿಲು ತೆರೆದು, ಕಡೆಯ ಎಲೆಯನ್ನು ಶಿಷ್ಯನಿಗೆ ತೋರಿಸಿದರು.

"ಹೋಗಿ ಕುಂದ್ರು."

"ಅದು ಹಿರ್ಯಾರ ಎಡಿರಿ ಅಜ್ಜಾರ."

"ಆ ಕೊಟ್ರಪ್ಪ ನಿನ್ನ ತಲ್ಯಾಗ ಹುಟ್ಟಿದಾಂವ. ಅವನ ಪಾಲು ನೀನ ಉಣಬೇಕು."

ಫಕೀರೇಶ ಕೂತ. ಮನೆಯವರೆಲ್ಲ ನೋಡುತ್ತ ನಿಂತರು. ನಾಚಿಕೆಯಿಂದ ಅವನು ಹೋಳಿಗೆಯ ಚೂರೊಂದನ್ನು ಮುರಿದು ಕೈಯಲ್ಲೇ ಹಿಡಿದುಕೊಂಡ.

ದ್ಯಾಮವ್ವ ಅವನ ಪಕ್ಕದಲ್ಲಿದ್ದ ಧೋತರವನ್ನು ಎತ್ತಿಕೊಂಡಳು. ಇನ್ನೊಂದು ಎಲೆ ತಂದು ಸಾಲಿನ ಕೊನೆಗೆ ಹಾಕಿ, ಎಲ್ಲವನ್ನೂ ಹೊಸದಾಗಿ ಬಡಿಸಿದಳು. ಆಕೆಗೆ ಸಿಟ್ಟು ಬಂದಿತ್ತು, ಸಂಕಟವೂ ಆಗಿತ್ತು. ಧೋತರವನ್ನು ಆ ಎಲೆಯ ಪಕ್ಕ ಇಟ್ಟಳು.

"ನಮ್ಮಪ್ಪನ ಅಪ್ಪಾ," ಅಂದಳು. "ಬಾ."

ಆಮೇಲೆ ತುಪ್ಪದ ಗಿಂಡಿ ಹಿಡಿದು ಫಕೀರೇಶನ ಮುಂದೆ ಬಂದಳು.

"ಕೈಯಾಗ ಕೊಟ್ಟು ಕಸಗೊಂಡಿ, ತಮ್ಮಾ."

"ಹೌದು ಆಯಿ."

"ಉಣ್ಣು. ಎಲಿ ಬಿಟ್ಟು ಏಳಬಾರದು."

ಅವನ ಹೋಳಿಗೆಯ ಮೇಲೆ ತುಪ್ಪ ಹಾಕಿದಳು. ಅವನು ಒಂದನ್ನು ಉಂಡು ಮುಗಿಸುವುದರೊಳಗೆ ಇನ್ನೊಂದನ್ನು ನೀಡಿದಳು. ಬೇಡ ಅಂದರೂ ಬಿಡಲಿಲ್ಲ.

ಗುರು ಶಿಷ್ಯರು ಹೊಳೆಯ ದಾರಿ ಹಿಡಿದು ಮಠಕ್ಕೆ ಹೊರಟರು.

"ಆ ಜಾಗ ಖಾಲಿ ಬಿಡತೀನ್ರಿ," ಅಂದ ಫಕೀರೇಶ.

"ಹೂಂ."

"ಆದ್ರ ಅಜ್ಜಾರ, ಹೆಸರು ಗೊತ್ತಿಲ್ಲದ ಇಟ್ಟ ಎಡಿ ಅವರಿಗೆ ಮುಟ್ಟತೈತೇನ್ರಿ?"

"ನಿನ್ನ ಹೊಟ್ಟಿ ತುಂಬಿತೇನು?"

"ತುಂಬೇತ್ರಿ."

ಅಡಿವೆಯ್ಯನವರು ನಡೆಯುತ್ತಲೇ ಅಂದರು:

"ನೀಡಿದಾಕಿ ನಿನ್ನ ಹೆಸರು ಕೇಳಿದ್ಲೇನು?"