ಹನ್ನೆರಡು ಚುಟ್ಟ

ಶಿಷ್ಯ ಕರಿಬಸಯ್ಯ ಕೇಳಿದ: "ಗುರುಗಳೇ, ನನ್ನ ಹೆಂಡತಿಗೆ ನನ್ನ ಮೇಲೆ ಪ್ರೀತಿ ಇದೆಯೋ ಇಲ್ಲವೋ ಎಂದು ಆಗಾಗ ಪರೀಕ್ಷಿಸುತ್ತೇನೆ. ಒಮ್ಮೆ ಹುಷಾರಿಲ್ಲದವನಂತೆ ಮಲಗಿದೆ. ಒಮ್ಮೆ ಹೇಳದೆ ಎರಡು ದಿನ ಊರು ಬಿಟ್ಟೆ. ಪ್ರತಿ ಸಲವೂ ಪ್ರೀತಿ ಇದ್ದದ್ದು ಕಂಡಿತು. ಆದರೂ ವಾರ ಕಳೆಯುವುದರೊಳಗೆ ಮತ್ತೆ ಅನುಮಾನ. ಯಾಕೆ ಹೀಗೆ?"

ಗುರುಗಳು ಹೇಳಿದರು:

ಬಂದರಿನ ಊರೊಂದರಲ್ಲಿ ಒಬ್ಬ ವ್ಯಾಪಾರಿ ಇದ್ದ. ಅವನ ಸ್ನೇಹಿತ ಒಬ್ಬ ನಾವಿಕ. ಹಡಗು ಹತ್ತುವ ಮುಂಚೆ ನಾವಿಕ ಅವನಿಗೆ ಒಂದು ಮರದ ಪೆಟ್ಟಿಗೆ ಕೊಟ್ಟ. ಒಳಗೆ ಹೊಗೆಸೊಪ್ಪು ಸುತ್ತಿದ ಹನ್ನೆರಡು ದಪ್ಪ ಚುಟ್ಟಗಳಿದ್ದವು.

"ನಮ್ಮ ಹಡಗು ನಡೆಸುವ ಮುದಿ ತಂಡೇಲರು ನೀರಿಗೆ ಬಿದ್ದ ನನ್ನನ್ನು ಎತ್ತಿ ಬದುಕಿಸಿದವರು. ಬರುವ ವರ್ಷ ಅವರು ಕೆಲಸ ಬಿಡುತ್ತಾರೆ. ಅಂದು ನಾನು ಇವನ್ನು ಅವರ ಕೈಗೆ ಕೊಡಬೇಕು, ಅಲ್ಲಿಯವರೆಗೆ ನೀನು ಕಾಯ್ದಿಡು. ಹಳತಾದಷ್ಟೂ ಹದವಾಗುತ್ತವೆ. ಪೆಟ್ಟಿಗೆಯೊಳಗೆ ಒಂದು ಬಟ್ಟಲು, ಬಟ್ಟಲಲ್ಲಿ ಹಿಂಡಿದ ಒದ್ದೆ ಬಟ್ಟೆ ಇರಲಿ. ಒಣಗಿದರೆ ಎಲೆ ಬಿರಿಯುತ್ತದೆ, ತೇವ ಹೆಚ್ಚಾದರೆ ಬೂಷ್ಟು ಹಿಡಿಯುತ್ತದೆ. ಇಷ್ಟೇ ಮಾರಾಯ."

ವ್ಯಾಪಾರಿ ಹಾಗೆಯೇ ಮಾಡಿದ. ಬಿಸಿಗಾಳಿ ಬೀಸಿದ ದಿನ, ಚುಟ್ಟಗಳು ಒಣಗಿರಬಹುದು ಎನಿಸಿತು. ಬಟ್ಟೆಯನ್ನು ಇನ್ನಷ್ಟು ನೆನೆಸಿದ. ಮರುದಿನ ಬೂಷ್ಟು ಹಿಡಿದಿರಬಹುದು ಎನಿಸಿತು. ಬಟ್ಟೆಯನ್ನು ಹಿಂಡಿದ. ಬೆರಳಿನಿಂದ ಒತ್ತಿ ನೋಡಿದ, ಮೂಸಿ ನೋಡಿದ. ಏನೂ ತಿಳಿಯಲಿಲ್ಲ. ಚುಟ್ಟ ಸುತ್ತುವ ಒಬ್ಬ ಮುದುಕಿಯ ಬಳಿ ಹೋದ.

"ಅಜ್ಜಿ, ಒಳಗಿನ ಎಲೆ ಚೆನ್ನಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ?"

"ಹಚ್ಚಿ ಸೇದಬೇಕಪ್ಪ. ಮೈ ಸವರಿ ವಿಚಾರಿಸಿದರೆ, ನಾನು ಚೆನ್ನಾಗಿದ್ದೇನೆ ಎಂದು ಅದೇನು ಹೇಳುತ್ತದೆಯೇ?"

ಅವನು ಒಂದನ್ನು ಹಚ್ಚಿದ. ಚೆನ್ನಾಗಿತ್ತು. ನೆಮ್ಮದಿಯಾಯಿತು. ಆದರೆ ಚೆನ್ನಾಗಿದ್ದದ್ದು ಸುಟ್ಟುಹೋದ ಚುಟ್ಟ. ಉಳಿದ ಹನ್ನೊಂದರ ಬಗ್ಗೆ ಅವನಿಗೆ ತಿಳಿದದ್ದೇನು? ಮುಂದಿನ ತಿಂಗಳು ಮಳೆ ಹಿಡಿಯಿತು. ಇನ್ನೊಂದನ್ನು ಹಚ್ಚಿದ. ಅದೂ ಚೆನ್ನಾಗಿತ್ತು. ಮಳೆ ನಿಂತ ಮೇಲೆ ಮತ್ತೆ ಅನುಮಾನ, ಚಳಿ ಬಂದಾಗ ಮತ್ತೆ ಅನುಮಾನ. ಹೀಗೆ ಹಚ್ಚುತ್ತ ಒಂದೇ ಉಳಿದಾಗ ಅವನ ಭಯ ಮಿತಿಮೀರಿತು. ಇರುವುದೇ ಒಂದು, ಅದೂ ಕೆಟ್ಟಿದ್ದರೆ ಸ್ನೇಹಿತನಿಗೆ ಹೇಗೆ ಮುಖ ತೋರಿಸಲಿ? ಅದನ್ನೂ ಹಚ್ಚಿದ.

ಮರುವರ್ಷ ನಾವಿಕ ಬಂದ. ಪೆಟ್ಟಿಗೆಯ ಮುಚ್ಚಳ ತೆರೆದ. ಬಟ್ಟಲಿನಲ್ಲಿ ಬಟ್ಟೆ ಹದವಾಗಿ ಒದ್ದೆಯಾಗಿತ್ತು. ಬೇರೇನೂ ಇರಲಿಲ್ಲ.

"ಹನ್ನೆರಡೂ ಚೆನ್ನಾಗಿದ್ದವು. ಒಂದೂ ಕೆಟ್ಟಿರಲಿಲ್ಲ" ಎಂದ ವ್ಯಾಪಾರಿ.

ನಾವಿಕನಿಗೆ ಬೈಯಬೇಕೋ ನಗಬೇಕೋ ತಿಳಿಯಲಿಲ್ಲ. ತಂಡೇಲರು ಅಂದೇ ತಮ್ಮ ಊರಿಗೆ ಹೊರಡುವವರಿದ್ದರು. ಅವನು ಬರಿಗೈಯಲ್ಲಿ ಬಂದರಿನ ಕಡೆ ನಡೆದ.

ಗುರುಗಳು ಕತೆ ನಿಲ್ಲಿಸಿದರು. ಕರಿಬಸಯ್ಯನ ಗೊಂದಲ ಹಾಗೆಯೇ ಇತ್ತು.

"ಆದರೆ ಗುರುಗಳೇ, ಹಚ್ಚದೆ ಅವನಿಗೆ ತಿಳಿಯುವುದಾದರೂ ಹೇಗೆ?"

"ಅವನಿಗೆ ಕಾಯಲು ಕೊಟ್ಟಿದ್ದರು ಕರಿಬಸಯ್ಯ, ತಿಳಿಯಲು ಯಾರು ಹೇಳಿದ್ದರು?"